ನಾಲ್ಕು ನಿಮಿಷ ಜಾಸ್ತಿ ಹೊಲಿದಿದ್ದರೆ ಏನಾಗುತ್ತಿತ್ತು?

ನಮಸ್ಕಾರ, ನಮಸ್ಕಾರ. ಹುಬ್ಬಳ್ಳಿಯ ನಮ್ಮ ಅಂಗಡಿಯಿಂದಲೇ ಮಾತಾಡುತ್ತಿದ್ದೇನೆ. ಹಿಂದೆ ಟಕಟಕ ಅಂತ ಕೇಳುತ್ತಿದೆಯಲ್ಲ, ಅದು ನಮ್ಮ ಹುಡುಗ ಮಷೀನ್ ತುಳಿಯುವ ಸದ್ದು. ಹತ್ತು ನಿಮಿಷ ನಿಲ್ಲಿಸಪ್ಪಾ ಅಂದೆ. "ನಾಳೆ ಡೆಲಿವರಿ ಐತ್ರಿ" ಅಂದ. ಇರಲಿ ಬಿಡಿ, ಇವತ್ತಿನ ಮಾತೂ ಹೊಲಿಗೆಯದ್ದೇ.

ನಿಜ ಹೇಳಬೇಕಂದರೆ ಇವತ್ತು ಬ್ಲೌಸಿನ ತೋಳು ಯಾಕೆ ಬಿಗಿಯುತ್ತದೆ ಅಂತ ಹೇಳಬೇಕೆಂದಿದ್ದೆ. ಬೆಳಗ್ಗೆ ಚಹಾ ಹಿಡಿದುಕೊಂಡು ಕಾಮೆಂಟ್ ನೋಡಿದೆ. ಚಹಾ ಆರಿಹೋಯಿತು. ನಮ್ಮ ದೊಡ್ಡವ್ವನ ಹೊಟ್ಟೆಯ ಗಂಟಿಗೆ ಆಪರೇಷನ್ನಿನಲ್ಲಿ ಹೊಲಿದ ರೀತಿಯೂ ಕಾರಣ ಇರಬಹುದು ಅಂತ ಹಿಂದೆ ಅಂದಿದ್ದೆನಲ್ಲ, ಅದಕ್ಕೆ ಒಬ್ಬರು ಬರೆದಿದ್ದಾರೆ: "ಟೇಲರ್ ಅಣ್ಣಾ, ನೀ ಅರಿವಿ ಹೊಲಿ ಸಾಕು. ನಿಮ್ಮ ದೊಡ್ಡವ್ವ ಕೊಡ ಎತ್ತಿದ್ದಕ್ಕ ಹೊಟ್ಟಿ ಹರದೈತಿ. ಡಾಕ್ಟರಿಗೆ ಯಾಕ ಅಂತಿ?" ಅದಕ್ಕೆ 40 ಲೈಕ್. ನನ್ನ ವಿಡಿಯೊಗೇ ಅಷ್ಟು ಬರುವುದಿಲ್ಲ!

ಹೊಸಬರಿಗೆ ಕಥೆ ಹೇಳುತ್ತೇನೆ. ನಮ್ಮ ದೊಡ್ಡವ್ವ ಇರುವುದು ಬೆಟಗೇರಿಯಲ್ಲಿ. ಎರಡು ವರ್ಷದ ಹಿಂದೆ ಗರ್ಭಕೋಶದ ಆಪರೇಷನ್ ಆಯಿತು. ಹೊಟ್ಟೆಯ ನಡುವೆ, ಹೊಕ್ಕಳಿಂದ ಕೆಳಗೆ ಗೇಣುದ್ದ ಕೊಯ್ದಿದ್ದರು. ಎಂಟು ತಿಂಗಳಾದ ಮೇಲೆ ಆ ಗಾಯದ ಪಕ್ಕದಲ್ಲಿ ನಿಂಬೆಹಣ್ಣಿನಷ್ಟು ಗಂಟು. ಮಲಗಿದರೆ ಒಳಗೆ ಹೋಗುತ್ತದೆ, ಕೆಮ್ಮಿದರೆ ಹೊರಗೆ ಬರುತ್ತದೆ. ಗಾಯದ ಜಾಗದಲ್ಲಿ ಒಳಗಿನ ಪದರ ಬಿಟ್ಟುಕೊಂಡು ಹೀಗೆ ಉಬ್ಬಿ ಬರುವುದಕ್ಕೇ ಹರ್ನಿಯಾ ಅನ್ನುವುದು. ಮದುವೆ ಮನೆಯಲ್ಲಿ ನಾನೇ ನೋಡಿದೆ. ಊಟದ ಪಂಕ್ತಿಯಲ್ಲಿ ಮೆಣಸಿನಕಾಯಿ ನೆತ್ತಿಗೇರಿ ಕೆಮ್ಮು ಬಂತು. ಸೆರಗಿನ ಒಳಗೆ ಕೈ ಹಾಕಿ, ಅಂಗೈಯಿಂದ ಹೊಟ್ಟೆ ಒತ್ತಿ ಹಿಡಿದುಕೊಂಡೇ ಕೆಮ್ಮಿದಳು. ಕೆಮ್ಮು ನಿಂತ ಮೇಲೆ ಮತ್ತೆ ಅನ್ನ ಕಲಸಿದಳು, ಏನೂ ಆಗಿಲ್ಲ ಅನ್ನುವ ಹಾಗೆ. ಕೂತವರೆಲ್ಲ ಒಂದೇ ರಾಗ: "ಕೊಡ ಎತ್ತಬ್ಯಾಡ ಅಂದರ ಕೇಳಲಿಲ್ಲ."

ಬೆಟಗೇರಿಯಲ್ಲಿ ನಳ ಎಷ್ಟು ದಿನಕ್ಕೊಮ್ಮೆ ಬರುತ್ತದೆ ಅಂತ ಅಲ್ಲಿನವರನ್ನು ಕೇಳಿ. ನೀರು ಬಂದಾಗ ಕೊಡ ಎತ್ತದೆ ಏನು ಆರತಿ ಎತ್ತಬೇಕಾ?

ನಾನು ಡಾಕ್ಟರ್ ಅಲ್ಲ. ಒಪ್ಪಿದೆ. ಮೂರು ತಲೆಮಾರಿನ ಸಿಂಪಿಗರು ನಾವು. ಆದರೆ ಹೊಲಿಗೆ ಬಿಚ್ಚಿಕೊಂಡರೆ ಉಟ್ಟವರನ್ನು ಬೈಯುವ ಟೇಲರನನ್ನು ಎಲ್ಲಾದರೂ ನೋಡಿದ್ದೀರಾ? "ಯಾಕಮ್ಮಾ ಕೈ ಎತ್ತಿದಿರಿ, ಅದಕ್ಕೇ ಬ್ಲೌಸ್ ಹರಿದಿದೆ" ಅಂತ ನಾನು ಅಂದರೆ ಅದೇ ಬ್ಲೌಸನ್ನು ನನ್ನ ಮುಖಕ್ಕೆ ಎಸೆದು ಹೋಗುತ್ತಾರೆ.

ಈಗ ಕೇಳಿ. 2015ರಲ್ಲಿ ಲ್ಯಾನ್ಸೆಟ್ ಅನ್ನುವ ವೈದ್ಯಕೀಯ ಪತ್ರಿಕೆಯಲ್ಲಿ ಒಂದು ಅಧ್ಯಯನ ಬಂತು. ನೆದರ್ಲೆಂಡ್ಸ್‌ನ 10 ಆಸ್ಪತ್ರೆ, 560 ಜನ. ಎಲ್ಲರಿಗೂ ಹೊಟ್ಟೆಯ ನಡುವೆ ಕೊಯ್ದು ಮಾಡುವ ಆಪರೇಷನ್. ಹೊಟ್ಟೆ ಮುಚ್ಚುವಾಗ ಅರ್ಧ ಜನಕ್ಕೆ ಹಳೇ ಪದ್ಧತಿ: ಅಂಚಿನಿಂದ ಒಂದು ಸೆಂಟಿಮೀಟರ್ ಒಳಗೆ ಸೂಜಿ, ಒಂದು ಸೆಂಟಿಮೀಟರಿಗೆ ಒಂದು ಹೊಲಿಗೆ. ಉಳಿದ ಅರ್ಧ ಜನಕ್ಕೆ ಸಣ್ಣ ಹೊಲಿಗೆ: 5 ಮಿಲಿಮೀಟರ್ ಒಳಗೆ, 5 ಮಿಲಿಮೀಟರಿಗೆ ಒಂದು, ದಾರವೂ ಸಣ್ಣದು. ಒಂದು ವರ್ಷ ಬಿಟ್ಟು ನೋಡಿದರು. ದೊಡ್ಡ ಹೊಲಿಗೆಯವರಲ್ಲಿ ನೂರಕ್ಕೆ 21 ಜನಕ್ಕೆ ಹರ್ನಿಯಾ. ಸಣ್ಣ ಹೊಲಿಗೆಯವರಲ್ಲಿ 13.

ಇದಕ್ಕೆ ಎಷ್ಟು ಹೊತ್ತು ಜಾಸ್ತಿ ಹಿಡಿಯಿತು ಗೊತ್ತಾ? ಮೊದಲಿನದಕ್ಕೆ ಸರಾಸರಿ 10 ನಿಮಿಷ, ಎರಡನೆಯದಕ್ಕೆ 14. ನಾಲ್ಕೇ ನಿಮಿಷ ಕಣ್ರೀ. 25 ಹೊಲಿಗೆಯ ಜಾಗದಲ್ಲಿ 45 ಹೊಲಿಗೆ. ದುರ್ಗದ ಬೈಲಿನಲ್ಲಿ ಗಿರ್ಮಿಟ್ ಕಲಸಿ ಕೈಗೆ ಬರಲಿಕ್ಕೇ ಅದಕ್ಕಿಂತ ಹೊತ್ತು ಬೇಕು.

ನಾನು ಟೇಲರ್ ಲೆಕ್ಕ ಹಾಕಿದೆ. ನೂರು ಜನಕ್ಕೆ ನಾಲ್ಕು ನಿಮಿಷ ಅಂದರೆ 400 ನಿಮಿಷ. ಹರ್ನಿಯಾದಿಂದ ಉಳಿದದ್ದು ಎಂಟು ಹೊಟ್ಟೆ. ಒಂದು ಹೊಟ್ಟೆಗೆ 50 ನಿಮಿಷ. ಹರ್ನಿಯಾ ಆದ ಮೇಲೆ ಮತ್ತೆ ಕೊಯ್ಯುವುದು, ಮತ್ತೆ ಅರಿವಳಿಕೆ, ಬೆಡ್ಡು, ಮನೆಯಿಂದ ಬುತ್ತಿ ಹೊರುವುದು, ಮಗ ಕೂಲಿ ಬಿಟ್ಟು ಪಕ್ಕದಲ್ಲಿ ಕೂರುವುದು, ಇದೆಲ್ಲ 50 ನಿಮಿಷದಲ್ಲಿ ಮುಗಿಯುತ್ತದಾ?

ಹೆಚ್ಚು ಬಟ್ಟೆ ಹಿಡಿದರೆ ಗಟ್ಟಿ ಅಲ್ವಾ ಅಂತ ನಿಮಗೆ ಅನ್ನಿಸಬಹುದು. ನಮ್ಮ ಅಂಗಡಿಗೆ ಬರುವ ಹೊಸ ಹುಡುಗರೂ ಹಾಗೇ ಅಂದುಕೊಂಡಿರುತ್ತಾರೆ. ಹೊಟ್ಟೆಯಲ್ಲಿ ಬಲ ಇರುವುದು ಕೊಬ್ಬಿಗೂ ಅಲ್ಲ, ಚರ್ಮಕ್ಕೂ ಅಲ್ಲ. ಒಳಗೆ ಬೆಳ್ಳಗಿನ ಒಂದು ಗಟ್ಟಿ ಪದರ ಇದೆ, ನಮ್ಮ ಕ್ಯಾನ್ವಾಸ್ ಇದ್ದ ಹಾಗೆ. ಸೂಜಿ ದೂರದಿಂದ ಹಾಕಿದರೆ ದಾರದೊಳಗೆ ಕೊಬ್ಬು, ಸ್ನಾಯು ಎಲ್ಲ ಸಿಕ್ಕಿಕೊಳ್ಳುತ್ತವೆ. ಆಮೇಲೆ ಆ ಮೆತ್ತನೆಯದು ಕುಗ್ಗುತ್ತದೆ, ದಾರ ಸಡಿಲವಾಗುತ್ತದೆ, ಅಂಚು ಬಾಯಿ ಬಿಡುತ್ತದೆ. ಸಣ್ಣ ಹೊಲಿಗೆ ಆ ಬಿಳೀ ಪದರವನ್ನಷ್ಟೇ ಹಿಡಿಯುತ್ತದೆ. ಎಳೆತ ಎಲ್ಲ ಹೊಲಿಗೆಗೂ ಹಂಚಿಹೋಗುತ್ತದೆ. ನಮ್ಮಜ್ಜಿ ಹೊಲಿದ ಕೌದಿ ನೋಡಿ, ಅಕ್ಕಿಕಾಳಿನಷ್ಟು ಸಣ್ಣ ಹೊಲಿಗೆ. ನಾವು ಮೂರು ಜನ ಅದರ ಮೇಲೆ ಕುಣಿದು ಬೆಳೆದೆವು. ಇನ್ನೂ ಗಟ್ಟಿ ಇದೆ. ಎಪಿಎಂಸಿಯಲ್ಲಿ ದಬ್ಬಣದಿಂದ ನಾಲ್ಕು ಟಾಕು ಹಾಕಿದ ಚೀಲ ಲಾರಿಗೆ ಏರುವಾಗಲೇ ಬಾಯಿ ಬಿಡುತ್ತದೆ.

ಹಾಂ, ಬ್ಲೌಸ್ ಅಂದೆನಲ್ಲ, ಪಂಚಮಿಗೆ ಬೇಕಾದವರು ಈಗಲೇ ಕೊಡಿ. ಹಿಂದಿನ ದಿನ ಬಂದು ಕಣ್ಣೀರು ಹಾಕಬೇಡಿ. ಸಬ್‌ಸ್ಕ್ರೈಬ್ ಮಾಡಿದವರಿಗೆ ಫಾಲ್ ಹಚ್ಚುವುದು ಫ್ರೀ. ಬೆಲ್ ಒತ್ತಿರಬೇಕು, ನಾನು ಚೆಕ್ ಮಾಡುತ್ತೇನೆ.

ಎಲ್ಲಿದ್ದೆ? ಇನ್ನೊಬ್ಬರ ಪ್ರಶ್ನೆ: "ಅವರು ನೆದರ್ಲೆಂಡ್ಸಿನ ಡಚ್ಚರು, ನಮ್ಮ ಹೊಟ್ಟೆ ಬೇರೆ." ಬೇರೆ ಹೌದು, ನಮ್ಮದರಲ್ಲಿ ರೊಟ್ಟಿ ಇರುತ್ತದೆ, ಅವರದರಲ್ಲಿ ಬ್ರೆಡ್ಡು. ಅದಕ್ಕೂ ಮೊದಲೇ ಸ್ವೀಡನ್ನಿನವರು ನೋಡಿದ್ದರು, 2009ರಲ್ಲಿ, 737 ಜನರಲ್ಲಿ. ದೊಡ್ಡ ಹೊಲಿಗೆಯಲ್ಲಿ ನೂರಕ್ಕೆ 18, ಸಣ್ಣದರಲ್ಲಿ 5.6. ಗಾಯ ಕೀವಾಗುವುದೂ ಸುಮಾರು ಅರ್ಧಕ್ಕೆ ಇಳಿದಿತ್ತು. 1976ರಲ್ಲೇ ಇಂಗ್ಲೆಂಡಿನ ಜೆಂಕಿನ್ಸ್ ಅನ್ನುವ ಸರ್ಜನ್ ಹೇಳಿದ್ದರು, ಗಾಯದ ಉದ್ದಕ್ಕಿಂತ ನಾಲ್ಕು ಪಟ್ಟು ದಾರ ಹೋಗಬೇಕು ಅಂತ. ಗೇಣು ಗಾಯಕ್ಕೆ ನಾಲ್ಕು ಗೇಣು ದಾರ. ಯುರೋಪಿನ ಹರ್ನಿಯಾ ಸೊಸೈಟಿಯೂ 2015ರಲ್ಲಿ ಸಣ್ಣ ಹೊಲಿಗೆಯ ಸಲಹೆ ಕೊಟ್ಟಿದೆ. ಇದೇನು ನಾನು ಅಂಗಡಿಯಲ್ಲಿ ಕೂತು ಕನಸು ಕಂಡದ್ದಲ್ಲ.

"ಮೆಶ್ ಹಾಕಿದರೆ ಆಯಿತಲ್ಲ" ಅನ್ನುವವರಿದ್ದಾರೆ. ಮೆಶ್ ಅಂದರೆ ಹರ್ನಿಯಾ ಆದ ಜಾಗಕ್ಕೆ ಬಲ ಬರಲಿ ಅಂತ ಹಚ್ಚುವ ಬಲೆಯಂಥ ಬಟ್ಟೆ. ಇವರಿಗೆ ತೇಪೆ ಅಂದರೆ ಬಹಳ ಪ್ರೀತಿ. ಒಮ್ಮೆ ಹರ್ನಿಯಾ ಆದ ಮೇಲೆ ಬರೀ ಹೊಲಿಗೆಗಿಂತ ಮೆಶ್ ಒಳ್ಳೆಯದು, ಅದರಲ್ಲಿ ತಕರಾರಿಲ್ಲ. ಆದರೆ ಇಂಥ ಗಾಯದ ಹರ್ನಿಯಾ ರಿಪೇರಿ ಮಾಡಿಸಿಕೊಂಡವರನ್ನು ಡಚ್ಚರೇ ವರ್ಷಗಟ್ಟಲೆ ಹಿಂಬಾಲಿಸಿ, 10 ವರ್ಷದ ಲೆಕ್ಕ ಹಾಕಿ 2004ರಲ್ಲಿ ಬರೆದರು. ಬರೀ ಹೊಲಿದವರಲ್ಲಿ ನೂರಕ್ಕೆ 63 ಜನಕ್ಕೆ ಮತ್ತೆ ಬಂತು. ಮೆಶ್ ಹಾಕಿದವರಲ್ಲೂ 32. ತೇಪೆ ತೇಪೆಯೇ ಕಣ್ರೀ! ಮೊದಲೇ ನಾಲ್ಕು ನಿಮಿಷ ಕೊಟ್ಟಿದ್ದರೆ?

ಮೆಶ್ ಅಂದಾಗ ಒಂದು ಮಜಾ ನೆನಪಾಯಿತು. ಮಹಾರಾಷ್ಟ್ರದ ದೊಂಡಾಯಿಚಾ ಅನ್ನುವ ಊರಿನಲ್ಲಿ ಡಾಕ್ಟರ್ ತೋಂಗಾಂವ್ಕರ್ ಅಂತ ಸರ್ಜನ್. ಕಂಪನಿಯ ಮೆಶ್ ದುಬಾರಿ ಅಂತ ಸೊಳ್ಳೆ ಪರದೆಯ ಬಟ್ಟೆಯನ್ನೇ ಶುದ್ಧ ಮಾಡಿ ಹರ್ನಿಯಾಗೆ ಹಾಕಿದರು. ಜನ ನಕ್ಕಿರಬೇಕು. 2016ರಲ್ಲಿ ಉಗಾಂಡಾದ 302 ಗಂಡಸರಲ್ಲಿ, ತೊಡೆಸಂದಿನ ಹರ್ನಿಯಾಗೆ, ಅಂಥ ಅಗ್ಗದ ಬಟ್ಟೆಯನ್ನೂ ಕಂಪನಿ ಮೆಶ್ಶನ್ನೂ ಹೋಲಿಸಿದರು. ಒಂದು ವರ್ಷಕ್ಕೆ ಹೇಳಿಕೊಳ್ಳುವಂಥ ವ್ಯತ್ಯಾಸವೇ ಇಲ್ಲ. ಬಟ್ಟೆಯ ಗುಣ ತಿಳಿದವರ ಕೆಲಸ ಅದು! ಮನೆಯ ಸೊಳ್ಳೆ ಪರದೆ ಕತ್ತರಿಸಿಕೊಂಡು ಆಸ್ಪತ್ರೆಗೆ ಹೋಗಬೇಡಿ ಮಾತ್ರ. ಹೋಗುವವರಿದ್ದೀರಿ, ನನಗೆ ಗೊತ್ತು.

ಬೀಡಿ, ಬೊಜ್ಜು, ಹಳೇ ಕೆಮ್ಮು ಎಲ್ಲ ಕಾರಣ ಅಂತೀರಿ. ಹೌದು, ಕಾರಣವೇ. ಬೀಡಿ ಬಿಡಿ. ಮೊದಲ ಕೆಲವು ವಾರ ಡಾಕ್ಟರ್ ಭಾರ ಎತ್ತಬೇಡಿ ಅಂದರೆ ಎತ್ತಬೇಡಿ. ಆ ವಾರಗಳಲ್ಲಿ ನಮ್ಮ ದೊಡ್ಡವ್ವ ಎತ್ತಿರಲೂ ಇಲ್ಲ, ಸೊಸೆ ಎತ್ತುತ್ತಿದ್ದಳು! "ಸಣ್ಣ ಹೊಲಿಗೆಯಲ್ಲೂ 13 ಜನಕ್ಕೆ ಬಂತಲ್ಲ" ಅನ್ನುವ ಜಾಣರೂ ಇದ್ದಾರೆ. ಕೊಡೆ ಹಿಡಿದರೂ ಕಾಲು ತೊಯ್ಯುತ್ತದೆ. ಕೊಡೆ ಬಿಸಾಡುತ್ತೀರಾ?

ದೊಡ್ಡವ್ವನ ಡಿಸ್ಚಾರ್ಜ್ ಕಾರ್ಡು ತೆಗೆಸಿ ನೋಡಿದೆ. ಯಾವ ಆಸ್ಪತ್ರೆ ಅಂತ ಕೇಳಬೇಡಿ. ಇಂಗ್ಲಿಷಿನಲ್ಲಿ ಒಂದೇ ಸಾಲು: ಹೊಟ್ಟೆಯನ್ನು ಪದರ ಪದರವಾಗಿ ಮುಚ್ಚಲಾಗಿದೆ. ಮುಗಿಯಿತು. ಯಾವ ದಾರ, ಎಷ್ಟು ದೂರಕ್ಕೆ ಹೊಲಿಗೆ, ಒಂದೂ ಇಲ್ಲ. ನನ್ನ ಬಿಲ್ಲಿನಲ್ಲಿ ಹುಕ್ ಎಷ್ಟು, ಅಸ್ತರು ಯಾವುದು ಅಂತ ಬರೆದಿರುತ್ತೇನೆ. ಹೊರಗಿನ ಚರ್ಮದ ಹೊಲಿಗೆ ಮಾತ್ರ ಗೆರೆ ಎಳೆದ ಹಾಗಿದೆ. ಓಣಿಯವರೆಲ್ಲ ನೋಡಿ "ಎಷ್ಟು ಛಂದ ಹೊಲದಾರ" ಅಂದರಂತೆ. ಛಂದ ಇರಬೇಕಾದದ್ದು ಒಳಗೆ! ಅವರು ಹೇಗೆ ಹೊಲಿದರೋ ನಾನು ನೋಡಿಲ್ಲ, ನಿಜ. ಬರೆದಿದ್ದರೆ ನೋಡುತ್ತಿದ್ದೆನಲ್ಲ! ಅದಕ್ಕೇ ಹೇಳುವುದು, ಆಪರೇಷನ್ ಮುಂಚೆ ಕೇಳಿ: "ಡಾಕ್ಟರ್ ಸಾಹೇಬರೇ, ಹೊಟ್ಟೆ ಹೇಗೆ ಮುಚ್ಚುತ್ತೀರಿ?" ಬೈದರೆ ನನ್ನ ಹೆಸರು ಹೇಳಿ. ಬೇಡ, ಹೇಳಬೇಡಿ.

ಮತ್ತೆ ಆ ಕಾಮೆಂಟಿನ ಅಣ್ಣಾ, ನಿಮಗೊಂದು ಆಫರ್. ನಿಮ್ಮ ಪ್ಯಾಂಟ್ ತನ್ನಿ. ಹಿಂದಿನ ಹೊಲಿಗೆ ಒಂದು ಸೆಂಟಿಮೀಟರಿಗೊಂದು ಹಾಕಿಕೊಡುತ್ತೇನೆ, ದುಡ್ಡು ಬೇಡ. ಹಾಕಿಕೊಂಡು ಚಿಗರಿ ಬಸ್ಸಿನಲ್ಲಿ ಧಾರವಾಡಕ್ಕೆ ಹೋಗಿ ಬನ್ನಿ. ಸೀಟು ಸಿಕ್ಕರೆ ಕೂತುಕೊಳ್ಳಿ. ಆಮೇಲೆ ಹೇಳುತ್ತೇನೆ, ನೀವು ಕೂತದ್ದೇ ತಪ್ಪು ಅಂತ. ನಾಲ್ಕು ನಿಮಿಷ ಸ್ವಾಮಿ, ನಾಲ್ಕೇ ನಿ...

ಏನೋ? ನಳ ಬಂತಾ? ತಡಿ, ತಡಿ, ಬಂದೆ. ಆ ಎರಡು ಕೊಡ ಈ ಕಡೆ ಕೊಡು.