ಪಿನಿಯನ್ ಮೂತಿ ಎತ್ತ ನೋಡಬೇಕು?

ಕೇಳುಗರಿಗೆ ನಮಸ್ಕಾರ.

ಈ ಹೊತ್ತಿನಲ್ಲಿ ಎಷ್ಟೋ ಗ್ಯಾರೇಜುಗಳಲ್ಲಿ ಸ್ಪ್ಯಾನರ್ ನೇತುಹಾಕಿದ ಹಲಗೆಯ ಪಕ್ಕ ಒಂದು ರೇಡಿಯೋ ಹಾಡುತ್ತಿರುತ್ತದೆ ಅಂತ ನನಗೆ ಗೊತ್ತು. ಮೈಸೂರಿನ ನಮ್ಮ ಗ್ಯಾರೇಜಿನಲ್ಲೂ ಹಾಗೇ. ಇವತ್ತಿನ ನನ್ನ ಮಾತು ಅಲ್ಲಿ ಕೈಗೆ ಗ್ರೀಸ್ ಮೆತ್ತಿಕೊಂಡು ನಿಂತಿರುವ ಹುಡುಗರಿಗೆ. ಹಾಗೇ, ತಾತನ ಕಾಲದ ಅಂಬಾಸಡರ್‌ಗೋ ಕಾಂಟೆಸಾಗೋ ಜೋರು ಎಂಜಿನ್ ಕೂರಿಸಿಕೊಂಡು, "ಸಾರ್, ಗಾಡಿ ಗುಂಯ್ ಅಂತದೆ, ಸೀಟು ನಡುಗ್ತದೆ" ಅಂತ ಊರೂರು ಅಲೆಯುವ ತರುಣರಿಗೆ. ಮಿಕ್ಕವರು ಕಾಫಿ ಕುಡಿಯುತ್ತ ಕೇಳಿ, ನಡುವೆ ಒಂದು ಕಥೆ ಬರುತ್ತದೆ.

ನಾನು ಹೇಳಬೇಕಾದ್ದು ಒಂದೇ ಮಾತು. ಗಾಡಿ ತನ್ನ ಕಾಲ ಮೇಲೆ ನಿಂತಿರುವಾಗ ಪಿನಿಯನ್ನಿನ ಮೂತಿ ಅಳೆಯಿರಿ, ಗೇರ್‌ಬಾಕ್ಸಿಗೆ ಹೋಲಿಸಿ ಅಳೆಯಿರಿ, ಒಂದೆರಡು ಡಿಗ್ರಿ ತಗ್ಗಿಸಿ ಬಿಡಿ. ಇದನ್ನು ಇನ್ನೂ ಮೂರು ನಾಲ್ಕು ಸಲ ಹೇಳುತ್ತೇನೆ, ಬೇಸರ ಮಾಡಿಕೊಳ್ಳಬೇಡಿ. ಮೂವತ್ತೈದು ವರ್ಷದಿಂದ ಹೇಳುತ್ತಲೇ ಇದ್ದೇನೆ, ಅಳೆಯುವವರು ಮಾತ್ರ ಕಾಣಿಸುತ್ತಿಲ್ಲ.

ಮೂತಿ ಅಂದರೆ ಯಾವುದು? ಹಿಂದಿನ ಚಕ್ರ ತಳ್ಳುವ ಗಾಡಿಯಲ್ಲಿ ಎಂಜಿನ್ ಮುಂದೆ, ಕೆಲಸ ಹಿಂದೆ. ನಡುವೆ ಉದ್ದಕ್ಕೆ ಪ್ರೊಪೆಲ್ಲರ್ ಶಾಫ್ಟು, ಅದರ ಎರಡು ತುದಿಗೂ ಒಂದೊಂದು ಯು.ಜೆ. ಕ್ರಾಸ್, ಅಂದರೆ ಬಾಗಿದ್ದರೂ ತಿರುಗಬಲ್ಲ ಯೂನಿವರ್ಸಲ್ ಜಾಯಿಂಟು. ಹಿಂದಿನ ಕ್ರಾಸ್ ಹೋಗಿ ಹಿಡಿದುಕೊಳ್ಳುವುದು ಹೌಸಿಂಗಿನಿಂದ, ಅಂದರೆ ಹಿಂದಿನ ಚಕ್ರಗಳ ನಡುವಿನ ಆಕ್ಸಲ್ ಕವಚದಿಂದ, ಮುಂದಕ್ಕೆ ಚಾಚಿಕೊಂಡಿರುವ ಮೂತಿಯನ್ನು. ಅದರೊಳಗೆ ಪಿನಿಯನ್ ಅನ್ನುವ ಸಣ್ಣ ಹಲ್ಲುಗಾಲಿ. ಪಿನಿಯನ್ ಕ್ರೌನ್ ಅನ್ನುವ ದೊಡ್ಡ ಹಲ್ಲುಗಾಲಿಯನ್ನು ತಿರುಗಿಸುತ್ತದೆ, ಕ್ರೌನ್ ಚಕ್ರವನ್ನು. ಆ ಮೂತಿ ಎಷ್ಟು ಮೇಲೆ ನೋಡುತ್ತಿದೆ, ಎಷ್ಟು ಕೆಳಗೆ ನೋಡುತ್ತಿದೆ ಅನ್ನುವುದೇ ಪಿನಿಯನ್ ಕೋನ.

ಯು.ಜೆ. ಕ್ರಾಸ್ ಒಂದು ವಿಚಿತ್ರ ಪ್ರಾಣಿ. ಐ.ಟಿ.ಐ. ಹುಡುಗರು ಹುಕ್ಸ್ ಜಾಯಿಂಟ್ ಅಂತ ಓದಿರುತ್ತೀರಿ. ನೇರವಾಗಿದ್ದಾಗ ಸಾಧು. ಬಾಗಿಸಿ ತಿರುಗಿಸಿದಿರೋ, ಈ ಕಡೆಯಿಂದ ಒಂದೇ ಸಮ ಹೋದ ವೇಗ ಆ ಕಡೆ ಒಂದೇ ಸಮ ಬರುವುದಿಲ್ಲ. ಒಂದು ಸುತ್ತಿನೊಳಗೆ ಎರಡು ಸಲ ಮುಂದೆ ಓಡುತ್ತದೆ, ಎರಡು ಸಲ ಹಿಂದೆ ಬೀಳುತ್ತದೆ. 10 ಡಿಗ್ರಿ ಬಾಗಿದ್ದರೆ ಶೇಕಡಾ 1.5ರಷ್ಟು ಏರು, ಅಷ್ಟೇ ಇಳಿತ. ಕೇಳಲು ಚಿಲ್ಲರೆ ಅನ್ನಿಸುತ್ತದೆ. ಆದರೆ 80 ಕಿಲೋಮೀಟರ್ ವೇಗದಲ್ಲಿ, ಹಿಂದಿನ ಅನುಪಾತ 4 ಇರುವ, ಅಂದರೆ ಚಕ್ರ ಒಂದು ಸುತ್ತು ಸುತ್ತಲು ತಾನು ನಾಲ್ಕು ಸುತ್ತುವ, ಗಾಡಿಯ ಶಾಫ್ಟು ಸೆಕೆಂಡಿಗೆ ಸುಮಾರು 45 ಸುತ್ತು ಸುತ್ತುತ್ತದೆ. ಸುತ್ತೊಂದಕ್ಕೆ ಎರಡರಂತೆ ಸೆಕೆಂಡಿಗೆ 90 ಏಟು. ನಿಮ್ಮ ಸೀಟಿನ ಕೆಳಗೆ ಗುಂಯ್ ಅನ್ನುವುದು ಅದೇ.

ಮುಂದಿನ ಕ್ರಾಸ್ ಮಾಡಿದ ಈ ಕೀಟಲೆಯನ್ನು ಹಿಂದಿನ ಕ್ರಾಸ್ ಅಳಿಸಿಹಾಕುತ್ತದೆ, ಅದೂ ಅಷ್ಟೇ ಬಾಗಿದ್ದರೆ. ಅಂದರೆ ಗೇರ್‌ಬಾಕ್ಸಿನಿಂದ ಹೊರಬರುವ ಶಾಫ್ಟಿನ ಗೆರೆ, ಪಿನಿಯನ್ನಿನ ಗೆರೆ, ಎರಡೂ ಒಂದಕ್ಕೊಂದು ಸಮಾನಾಂತರ ಇರಬೇಕು. ಒಂದು ಮೇಲಿರಲಿ, ಒಂದು ಕೆಳಗಿರಲಿ, ಚಿಂತೆಯಿಲ್ಲ. ವಾಲಿದ್ದು ಮಾತ್ರ ಒಂದೇ ಥರ ಇರಬೇಕು.

ಹಾಗಾದರೆ ಸಮಾನಾಂತರ ಇಟ್ಟು ಬಿಡೋಣ, ತಗ್ಗಿಸುವುದು ಯಾಕೆ? ಇಲ್ಲೇ ಎಲ್ಲರೂ ಎಡವುವುದು. ಎತ್ತಿನ ಗಾಡಿಯಲ್ಲಿ ಹಿಂಭಾರ ಜಾಸ್ತಿಯಾದರೆ ಮೂಕಿ ಮೇಲೇಳುವುದನ್ನು ನೋಡಿದ್ದೀರಲ್ಲ? ಆಕ್ಸಿಲರೇಟರ್ ಒತ್ತಿದಾಗ ಪಿನಿಯನ್ನಿನ ಮೂತಿಯೂ ಹಾಗೇ ಮೇಲೇಳುತ್ತದೆ. ಚಕ್ರ ಮುಂದಕ್ಕೆ ತಿರುಗಬೇಕಾದರೆ ಹೌಸಿಂಗು ಹಿಂದಕ್ಕೆ ತಿರುಗಲು ನೋಡುತ್ತದೆ, ಪಿನಿಯನ್ ಕ್ರೌನಿನ ಹಲ್ಲು ಹಿಡಿದು ತೆಂಗಿನಮರ ಹತ್ತಿದ ಹಾಗೆ ಹತ್ತುತ್ತದೆ. ಹೌಸಿಂಗನ್ನು ಹಿಡಿದಿರುವುದು ಬರೀ ಪ್ಲೇಟುಗಳಾದರೆ, ಅಂದರೆ ಉದ್ದನೆಯ ಪಟ್ಟಿ ಸ್ಪ್ರಿಂಗುಗಳಾದರೆ, ಅವು ಎಸ್ ಅಕ್ಷರದ ಹಾಗೆ ತಿರುಚಿಕೊಳ್ಳುತ್ತವೆ. ಎಂಜಿನ್ ಜೋರಾದಷ್ಟೂ ಮೂತಿ ಎತ್ತರ. ಅದಕ್ಕೇ ನಿಂತಾಗ ಸ್ವಲ್ಪ ತಗ್ಗಿರಬೇಕು. ಓಡುವಾಗ ತಾನಾಗಿ ಮೇಲೆದ್ದು ಸಮಕ್ಕೆ ಬರುತ್ತದೆ.

ಎಷ್ಟು ತಗ್ಗು? ನಾನು ಇಡುವುದು ಹೀಗೆ. ಪ್ಲೇಟಿನ ಗಾಡಿ, ರಸ್ತೆಯ ಮೇಲೆ ಓಡುವುದಾದರೆ 2 ಡಿಗ್ರಿ, ಎಂಜಿನ್ ಜೋರಿದ್ದರೆ 3. ಡ್ರ್ಯಾಗ್ ರೇಸಿಗೆ, ಅಂದರೆ ನೇರ ರಸ್ತೆಯ ಗಿಡ್ಡ ಪಂದ್ಯಕ್ಕೆ, ಮಾತ್ರ ಮೀಸಲಾದರೆ 5ರವರೆಗೂ ಹೋಗುತ್ತೇನೆ. ಕಾಯಿಲ್ ಸ್ಪ್ರಿಂಗು, ಹೌಸಿಂಗನ್ನು ಹಿಡಿಯಲು ನಾಲ್ಕು ಗಟ್ಟಿ ರಾಡು ಇದ್ದರೆ 1 ಸಾಕು, 2 ಧಾರಾಳ.

ಪ್ಲೇಟು ತಿರುಚುವುದನ್ನು ಸಣ್ಣದು ಅಂದುಕೊಳ್ಳಬೇಡಿ. ಅಮೆರಿಕದಲ್ಲಿ ಷೆವರ್ಲೆ ಕಂಪನಿ 1967ರ ಮಾಡೆಲ್ ಆಗಿ ಕಮಾರೋ ಅಂತ ಕಾರು ತಂದಿತು, ಹಿಂದೆ ಒಂದೊಂದು ಬದಿಗೆ ಒಂದೊಂದೇ ಪ್ಲೇಟು. ದೊಡ್ಡ ಎಂಜಿನ್ ಹಾಕಿ ಒತ್ತಿದರೆ ಹಿಂದಿನ ಚಕ್ರ ಟಪ ಟಪ ಅಂತ ನೆಲದ ಮೇಲೆ ಕುಪ್ಪಳಿಸುತ್ತಿತ್ತು. ಮರುವರ್ಷ ಕಂಪನಿಯೇ ಒಂದು ಶಾಕ್ ಅಬ್ಸಾರ್ಬರನ್ನು ಹೌಸಿಂಗಿನ ಮುಂದೆ, ಇನ್ನೊಂದನ್ನು ಹಿಂದೆ ಹಾಕಿ ಆ ಕುಪ್ಪಳಿಕೆಯನ್ನು ಹತೋಟಿಗೆ ತರಬೇಕಾಯಿತು. ಅಂಥ ಕಂಪನಿಯೇ ತಲೆ ಕೆರೆದುಕೊಂಡ ವಿಷಯ ಇದು.

ಈಗ ಕಥೆ. ಚನ್ನರಾಯಪಟ್ಟಣದ ಕಡೆಯಿಂದ ಒಬ್ಬ ಹುಡುಗ ಬಂದ. ಜೊತೆಯಲ್ಲಿ ಅವನ ತಾತ, ರಿಟೈರಾದ ಮೇಷ್ಟ್ರು, ಕಂಕುಳಲ್ಲಿ ಪೇಪರು. ಗಾಡಿ ಅಂಬಾಸಡರ್ 1800 ಐ.ಎಸ್.ಜಡ್., 1817 ಸಿ.ಸಿ. ಇಸುಜು ಎಂಜಿನ್, ಐದು ಗೇರು. ತೊಂಬತ್ತರ ದಶಕದಲ್ಲಿ ಅದರ ಓಟ ನೋಡಿದವರಿಗೆ ಗೊತ್ತು, ಆ ಮೈಕಟ್ಟಿಗೂ ಆ ಓಟಕ್ಕೂ ಸಂಬಂಧವೇ ಇರಲಿಲ್ಲ. ಹುಡುಗ ಅದಕ್ಕೆ ಟರ್ಬೋ ಬೇರೆ ಕೂರಿಸಿದ್ದ. ಗಾಡಿಯ ಹಿಂಭಾಗ ತಗ್ಗಾಗಿ ಕಾಣಲಿ ಅಂತ ಯಾವುದೋ ಗ್ಯಾರೇಜಿನಲ್ಲಿ ಪ್ಲೇಟು ಬದಲಾಯಿಸಿದ್ದರು. ಅಂದಿನಿಂದ ಶುರು, 70 ದಾಟಿ ಕಾಲು ಒತ್ತಿದರೆ ಇಡೀ ಗಾಡಿಗೆ ಚಳಿಜ್ವರ.

ಡಿಕ್ಕಿ ತೆಗೆದ. ಗೋಣಿಚೀಲದಲ್ಲಿ ಮೂರು ಪ್ರೊಪೆಲ್ಲರ್ ಶಾಫ್ಟು! ಒಂದು ಗಾಡಿಯದೇ, ಒಂದು ಶಿವಾಜಿನಗರದ ಗುಜರಿಯದು, ಒಂದು ಲೇತಿನಲ್ಲಿ ಹೊಸದಾಗಿ ಮಾಡಿಸಿದ್ದು. ನಾಲ್ಕನೆಯದು ಗಾಡಿಯಲ್ಲಿತ್ತು. ಬ್ಯಾಲೆನ್ಸಿಂಗ್ ಎರಡು ಸಲ, ಕ್ರಾಸ್ ಮೂರು ಜೊತೆ, ಗೇರ್‌ಬಾಕ್ಸ್ ಮೌಂಟಿಂಗ್ ಒಂದು ಸಲ. "ಮೂತಿ ಯಾರಾದರೂ ಅಳೆದರೇನಪ್ಪ?" ಅಂದೆ. "ಯಾವ ಮೂತಿ ಸಾರ್?" ಅಂದ.

ಕೆಳಗೆ ಹೋಗಿ ನೋಡಿದರೆ ಪ್ಲೇಟಿಗೂ ಹೌಸಿಂಗಿಗೂ ನಡುವೆ 2 ಡಿಗ್ರಿಯ ಉಕ್ಕಿನ ಬೆಣೆ ಇಟ್ಟಿದ್ದಾರೆ. ಯಾರೋ ಅರ್ಧ ತಿಳಿದವರು. ದಪ್ಪ ಬದಿ ಇರಬೇಕಾದ ಕಡೆ ತೆಳು ಬದಿ! ಮೂತಿ ತಗ್ಗುವ ಬದಲು ಎದ್ದು ಕೂತಿದೆ.

ನನಗೋ ಜಂಬ. ಚಾಸಿಗೆ ಜಾಕ್ ಕೊಟ್ಟು ಗಾಡಿ ಎತ್ತಿದೆ, ಹೌಸಿಂಗು ತೊಟ್ಟಿಲ ಹಾಗೆ ಜೋತುಬಿತ್ತು. ಅಲ್ಲೇ ಮಲಗಿಕೊಂಡು ಅಳೆದೆ, ಮೂತಿ 8 ಡಿಗ್ರಿ ಮೇಲೆ. ಬೇಕಾದ್ದು 1, ಯಾಕೆ ಅಂತ ಆಮೇಲೆ ಹೇಳುತ್ತೇನೆ. ಸರಿ, ಹಳೇ ಬೆಣೆ ಕಿತ್ತರೆ 2 ಇಳಿಯುತ್ತದೆ, ಉಳಿದದ್ದಕ್ಕೆ 5 ಡಿಗ್ರಿಯದು ಸರಿಯಾದ ದಿಕ್ಕಿಗೆ ಹಾಕಿ, ಹೌಸಿಂಗನ್ನು ಪ್ಲೇಟಿಗೆ ಕಟ್ಟುವ ಯು ಬೋಲ್ಟು ಬಿಗಿದೆ. ಅಳತೆ ಕರಾರುವಾಕ್ಕು. "ಹೋಗಿ ಬನ್ನಿ ಮೇಷ್ಟ್ರೆ" ಅಂತ ಕಳಿಸಿದೆ, ಟೀ ಕುಡಿಯುವಷ್ಟರಲ್ಲಿ ವಾಪಸ್ಸು. ಮೇಷ್ಟ್ರು ಕಿಟಕಿಯಿಂದ ತಲೆ ಹೊರಗೆ ಹಾಕಿ ಹೇಳಿದ್ದು ಇವತ್ತಿಗೂ ನನ್ನ ಕಿವಿಯಲ್ಲಿದೆ. "ಮೊದಲು ಕಾಲು ಒತ್ತಿದಾಗ ನಡುಗ್ತಿತ್ತು, ಈಗ ಕಾಲು ತೆಗೆದಾಗ ನಡುಗ್ತದೆ. ನೋಡಪ್ಪ, ಇದು ರಿಪೇರಿ ಅಲ್ಲ, ಟ್ರಾನ್ಸ್‌ಫರ್ರು."

ಹುಡುಗರು ಮುಸಿಮುಸಿ ನಕ್ಕರು. ನಾನು ಅಳತೆ ತೋರಿಸಿ ವಾದ ಮಾಡಿದೆ. ಮೇಷ್ಟ್ರು ಕನ್ನಡಕ ಒರೆಸಿಕೊಂಡು ಕೇಳಿದರು, "ನೀನು ಅಳೆದಾಗ ಚಕ್ರ ಗಾಳಿಯಲ್ಲಿ ನೇತಾಡ್ತಿತ್ತಲ್ಲ? ನಾವು ಗಾಡಿ ಓಡಿಸೋದು ನೆಲದ ಮೇಲೆ."

ಅಷ್ಟೇ! ಹೌಸಿಂಗು ಜೋತುಬಿದ್ದಾಗ ಪ್ಲೇಟಿನ ಜೊತೆ ತಾನೂ ತಿರುಗಿಕೊಂಡು ಮೂತಿಯನ್ನು 3 ಡಿಗ್ರಿ ಮೇಲೆತ್ತಿತ್ತು. ನಾನು ಸುಳ್ಳು ಅಳತೆಗೆ ಸರಿಯಾದ ಲೆಕ್ಕ ಹಾಕಿದ್ದೆ. ಗಾಡಿಯನ್ನು ಗ್ಯಾರೇಜಿನ ನೆಲದಲ್ಲಿ ತೋಡಿದ ಗುಂಡಿಯ ಮೇಲೆ ನಿಲ್ಲಿಸಿದೆವು, ನಾಲ್ಕೂ ಚಕ್ರ ನೆಲದ ಮೇಲೆ, ಟೈರಿಗೆ ಗಾಳಿ ಸರಿಯಾಗಿ, ಟ್ಯಾಂಕು ಅರ್ಧ. ಡ್ರೈವರ್ ಸೀಟಿನಲ್ಲಿ ತೂಕ ಬೇಕಿತ್ತು, ಮೇಷ್ಟ್ರೇ ಹತ್ತಿ ಕೂತು ಪೇಪರು ಬಿಡಿಸಿದರು. ನನ್ನ ಕೈಯಲ್ಲಿದ್ದ ಸಾಧನ ಯಾವುದು ಗೊತ್ತೆ? ಮಗಳ ಕಂಪಾಸ್ ಬಾಕ್ಸಿನ ಕೋನಮಾಪಕ. ನಡುವಿನ ತೂತಿಗೆ ದಾರ, ದಾರದ ತುದಿಗೆ ಒಂದು ನಟ್ಟು. ಇವತ್ತು ಅಯಸ್ಕಾಂತ ಇರುವ ಡಿಜಿಟಲ್ ಮೀಟರು ಸಿಗುತ್ತದೆ, ತೊಗೊಳ್ಳಿ. ದಾರ ಮತ್ತು ನಟ್ಟೂ ಸುಳ್ಳು ಹೇಳುವುದಿಲ್ಲ.

ಗೇರ್‌ಬಾಕ್ಸಿನ ಗೆರೆ ಹಿಂದಕ್ಕೆ 3 ಡಿಗ್ರಿ ಇಳಿಜಾರು. ಪಿನಿಯನ್ನಿನ ಮೂತಿ ನೆಲಕ್ಕೆ 2 ಡಿಗ್ರಿ ಕೆಳಗೆ ನೋಡುತ್ತಿದೆ. ಈಗ ಗಮನವಿಟ್ಟು ಕೇಳಿ, ಇಲ್ಲಿ ಬಹಳ ಜನ ಜಾರುತ್ತಾರೆ. ಗೇರ್‌ಬಾಕ್ಸು 3 ಇಳಿದಿದ್ದರೆ ಸಮಾನಾಂತರಕ್ಕೆ ಮೂತಿ 3 ಮೇಲೆ ನೋಡಬೇಕು. ಅದರಿಂದ 2 ತಗ್ಗಿಸಿದರೆ 1 ಮೇಲೆ. ಅಂದರೆ ನಾನು ತಗ್ಗಿಸಿ ಅಂದಾಗಲೂ ಮೂತಿ ನೆಲದ ಲೆಕ್ಕದಲ್ಲಿ ಮೇಲೇ ನೋಡುತ್ತಿರಬಹುದು! ತಗ್ಗು ಅನ್ನುವುದು ಗೇರ್‌ಬಾಕ್ಸಿಗೆ ಹೋಲಿಸಿ, ನೆಲಕ್ಕೆ ಅಲ್ಲ. ನನ್ನ ಬೆಣೆಯಿಂದ ಅದು 5 ಡಿಗ್ರಿ ತಗ್ಗಿಹೋಗಿತ್ತು. ಕಾಲು ಒತ್ತಿದಾಗ ಸರಿ, ತೆಗೆದರೆ ಜ್ವರ.

ಬೇಕಾದ ಬೆಣೆ 2 ಡಿಗ್ರಿಯದು. ಅದು ಆಗಲೇ ಅಲ್ಲೇ ಬಿದ್ದಿತ್ತು, ನಾನು ಕಿತ್ತೆಸೆದದ್ದು. ಒರೆಸಿ, ತಿರುಗಿಸಿ ಹಾಕಿದೆ. ಸಾಮಾನಿನ ಖರ್ಚು ಸೊನ್ನೆ. ಮೇಷ್ಟ್ರು ಶ್ರೀರಂಗಪಟ್ಟಣದವರೆಗೂ ಹೋಗಿ ಬಂದು ಏನೂ ಹೇಳಲಿಲ್ಲ, ಹಿಂದಿನ ಸೀಟಿನಲ್ಲಿ ನಿದ್ದೆ ಹೋಗಿದ್ದರು.

ಕಥೆಯೇ ಉದ್ದವಾಯಿತು, ಕೊಟ್ಟ ಹೊತ್ತು ಮುಗಿಯುತ್ತ ಬಂತು. ಉಳಿದದ್ದನ್ನು ಬೇಗ ಬೇಗ ಹೇಳುತ್ತೇನೆ.

ಬೆಣೆಯ ದಪ್ಪ ಬದಿ ಯಾವ ಕಡೆ? ಹೌಸಿಂಗು ಪ್ಲೇಟಿನ ಮೇಲೆ ಕೂತಿದ್ದರೆ ದಪ್ಪ ಬದಿ ಹಿಂದಕ್ಕೆ, ಹೌಸಿಂಗು ಪ್ಲೇಟಿನ ಕೆಳಗೆ ತೂಗಿದ್ದರೆ ದಪ್ಪ ಬದಿ ಮುಂದಕ್ಕೆ. ಆಗ ಮೂತಿ ತಗ್ಗುತ್ತದೆ. ಉಕ್ಕಿನ ಬೆಣೆಯೇ ಹಾಕಿ, ಅಲ್ಯೂಮಿನಿಯಂ ಬೆಣೆ ಬಿರುಕು ಬಿಡುತ್ತದೆ. ಪ್ಲೇಟುಗಳ ನಡುವೆ ತೂರುವ ಸೆಂಟರ್ ಬೋಲ್ಟಿನ ತಲೆ ಅದರ ಗುಳಿಯಲ್ಲಿ ಪೂರ್ತಿ ಕೂತಿದೆಯೇ ನೋಡಿ, ಇಲ್ಲದಿದ್ದರೆ ಹೌಸಿಂಗೇ ಸರಿದುಹೋಗುತ್ತದೆ.

ಕ್ರಾಸಿನ ಬಾಗನ್ನು ಪೂರ್ತಿ ಸೊನ್ನೆ ಮಾಡುತ್ತೇನೆ ಅಂತ ಹೊರಡಬೇಡಿ. ಕ್ರಾಸಿನ ಕಪ್ಪಿನೊಳಗಿನ ಸೂಜಿ ಬೇರಿಂಗು ಉರುಳಬೇಕಾದರೆ ಅರ್ಧ ಡಿಗ್ರಿಯಾದರೂ ಬಾಗು ಬೇಕು. ಉರುಳದೆ ಒಂದೇ ಕಡೆ ನಿಂತರೆ ಅಲ್ಲೇ ಗೀರು ಬೀಳುತ್ತದೆ. ಹಾಗಂತ ಜೋರು ಓಡುವ ಗಾಡಿಯಲ್ಲಿ ಒಂದೊಂದು ಕ್ರಾಸಿಗೂ 3 ಡಿಗ್ರಿ ದಾಟದಿರಲಿ.

ನಡುವೆ ಸ್ಪ್ಲೈನ್, ಅಂದರೆ ಒಂದರೊಳಗೊಂದು ಜಾರುವ ಹಲ್ಲಿನ ಜೋಡಣೆ, ಇರುವ ಶಾಫ್ಟನ್ನು ಬಿಚ್ಚುವ ಮೊದಲು ಎರಡೂ ಕಡೆ ಗುರುತು ಹಾಕಿ. ಎರಡು ತುದಿಯ ಯೋಕ್, ಅಂದರೆ ಕ್ರಾಸ್ ಹಿಡಿಯುವ ಕವಲು, ಒಂದೇ ಸಾಲಿನಲ್ಲಿರಬೇಕು. ಒಂದು ಹಲ್ಲು ತಪ್ಪಿದರೂ ಇಷ್ಟು ಹೊತ್ತು ಹೇಳಿದ್ದೆಲ್ಲ ನೀರಿನಲ್ಲಿ ಹೋಮ.

ನಡುಕ ಬಂದಾಗ ಮೊದಲು ಕಾಲಿನಿಂದ ಪರೀಕ್ಷೆ ಮಾಡಿ. ಒತ್ತಿದಾಗ ಒಂದು ಥರ, ಬಿಟ್ಟಾಗ ಇನ್ನೊಂದು ಥರ ಇದ್ದರೆ ಕೋನದ ಮೇಲೆ ಅನುಮಾನಪಡಿ. ಒತ್ತಲಿ ಬಿಡಲಿ, ವೇಗಕ್ಕೆ ತಕ್ಕ ಹಾಗೆ ಒಂದೇ ಸಮ ನಡುಗಿದರೆ ಶಾಫ್ಟಿನ ಬ್ಯಾಲೆನ್ಸಿಂಗ್ ಮಾಡಿಸಿ. ಬಿ.ಎಂ.ಡಬ್ಲ್ಯು. ಥರದ ಗಾಡಿಗಳಲ್ಲಿ ಡಿಫರೆನ್ಷಿಯಲ್, ಅಂದರೆ ಪಿನಿಯನ್ ಕ್ರೌನ್ ಇರುವ ಡಬ್ಬಿ, ಬಾಡಿಯ ಕೆಳಗಿನ ಚೌಕಟ್ಟಿಗೇ ಬಿಗಿದಿರುತ್ತದೆ, ಮೂತಿ ಅಷ್ಟಾಗಿ ಏಳುವುದಿಲ್ಲ. ಅವರಿಗೆ ಬೇರೆ ತಲೆನೋವುಗಳಿವೆ, ಅದನ್ನು ಇನ್ನೊಬ್ಬರು ಹೇಳಲಿ.

ಯು ಬೋಲ್ಟನ್ನು ನೂರು ಕಿಲೋಮೀಟರ್ ಓಡಿಸಿದ ಮೇಲೆ ಇನ್ನೊಮ್ಮೆ ಬಿಗಿಯಿರಿ. ಆಮೇಲೆ ಮೂತಿಯನ್ನು ಇನ್ನೊಮ್ಮೆ ಅಳೆಯಿರಿ, ಗಾಡಿ ನೆಲದ ಮೇಲೆ ನಿಂತಿರುವಾಗ.

ಆ ಹುಡುಗನ ಗೋಣಿಚೀಲ ಇನ್ನೂ ನಮ್ಮ ಗ್ಯಾರೇಜಿನ ಮೂಲೆಯಲ್ಲೇ ಇದೆ. ಒಂದನ್ನು ಗೇಟಿಗೆ ಅಡ್ಡ ಇಡುತ್ತೇವೆ, ಇನ್ನೆರಡು ಶಾಫ್ಟು ಚೆನ್ನಾಗಿವೆ. ಬೇಕಾದವರು ಬನ್ನಿ. ಬರುವಾಗ ಗೇರ್‌ಬಾಕ್ಸಿನದು ಒಂದು, ಪಿನಿಯನ್ನಿನದು ಒಂದು, ಎರಡು ಅಳತೆ ಚೀಟಿಯಲ್ಲಿ ಬರೆದುಕೊಂಡು ಬಂದರೆ ಮಾತ್ರ ಕೊಡುತ್ತೇನೆ.

ನಮಸ್ಕಾರ.