ಕಬೋರ್ಡ್ ಬಾಗಿಲು ನಿಲ್ಲುತ್ತಿಲ್ವಾ? ಮ್ಯಾಗ್ನೆಟ್ ತರುವ ಮುಂಚೆ ಇದನ್ನು ನೋಡಿ

ನಮಸ್ಕಾರ. ಇವತ್ತು ಅಡುಗೆಮನೆಯಲ್ಲೇ ಶೂಟಿಂಗ್. ಈ ಮೂರು ಬಾಗಿಲು ನೋಡಿ. ಎಷ್ಟು ಸಲ ಮುಚ್ಚಿದರೂ ಮೆಲ್ಲಗೆ ಬಾಯಿ ಬಿಡುತ್ತವೆ. ಅಮ್ಮ ಒಂದಕ್ಕೆ ಹಳೇ ಕ್ಯಾಲೆಂಡರ್ ಹಾಳೆ ಮಡಚಿ ಸಿಕ್ಕಿಸಿದ್ದಾರೆ, ಇನ್ನೊಂದರ ಹಿಡಿಗೆ ರಬ್ಬರ್ ಬ್ಯಾಂಡ್. ಸಾರಿನಪುಡಿ ಡಬ್ಬಿ ಬೇಕಾದಾಗಲೆಲ್ಲ ಅದನ್ನು ಬಿಚ್ಚಿ ಹಾಕಬೇಕು.

ಹಾರ್ಡ್‌ವೇರ್ ಅಂಗಡಿಯಲ್ಲಿ ಕೇಳಿದರೆ "ಒಂದು ಮ್ಯಾಗ್ನೆಟ್ ಹಾಕಿಬಿಡಿ" ಅನ್ನುತ್ತಾರೆ. ಹಾಕಬಹುದು. ಆದರೆ ಈಗಿನ ಮಾಡ್ಯುಲರ್ ಕಿಚನ್ ಬಾಗಿಲಿಗೆ ಅದು ಬೇಕಾಗುವುದೇ ಅಪರೂಪ. ಹಿಂಜ್, ಅಂದರೆ ಬಾಗಿಲ ಕೀಲಿನ ಒಳಗೇ ಸ್ಪ್ರಿಂಗ್ ಇರುತ್ತದೆ. ಬಾಗಿಲನ್ನು ನಾಲ್ಕು ಬೆರಳಿನಷ್ಟು ತೆರೆದು ಕೈ ಬಿಡಿ, ತಾನೇ ಹೋಗಿ ಕೂರಬೇಕು. ಕೂರುತ್ತಿಲ್ಲ ಅಂದರೆ ಏನೋ ತಡೆಯುತ್ತಿದೆ, ಇಲ್ಲ ಸ್ಕ್ರೂ ಸಡಿಲವಾಗಿದೆ, ಇಲ್ಲ ಸ್ಪ್ರಿಂಗ್ ಹೋಗಿದೆ.

ಮೊದಲನೇ ಬಾಗಿಲು. ನಗಬೇಡಿ, ಕುಕ್ಕರ್ ಹಿಡಿ ಹೊರಗೆ ಚಾಚಿಕೊಂಡಿತ್ತು. ತಿರುಗಿಸಿಟ್ಟೆ, ಮುಗೀತು.

ಎರಡನೆಯದು ಸ್ವಲ್ಪ ಕಿಲಾಡಿ. ಕ್ಯಾಮೆರಾ ಹತ್ತಿರ ತರುತ್ತೇನೆ. ಬಾಗಿಲಲ್ಲಿ ಬಟ್ಟಲಿನ ಹಾಗೆ ಕೂತಿರುವ ಭಾಗ ಇದೆಯಲ್ಲ, ಅದರ ಅಗಲ ಸಾಮಾನ್ಯವಾಗಿ 35 ಮಿಲಿಮೀಟರ್. ಅದರಿಂದ ಒಳಗೆ ಹೋಗುವ ತೋಳಿನ ಮೇಲೆ ಎರಡು ಸ್ಕ್ರೂ. ಬಾಗಿಲಿಗೆ ಹತ್ತಿರ ಇರುವುದು ಬಾಗಿಲನ್ನು ಎಡಕ್ಕೆ, ಬಲಕ್ಕೆ ಸರಿಸುತ್ತದೆ. ಜೋಡಿ ಬಾಗಿಲು ಒಂದಕ್ಕೊಂದು ಗುದ್ದುತ್ತಿದ್ದರೆ ಇದನ್ನು ತಿರುಗಿಸಿ. ಒಳಗಿನ ಸ್ಕ್ರೂ ಬಾಗಿಲನ್ನು ಹಿಂದೆ, ಮುಂದೆ ಮಾಡುತ್ತದೆ. ನನ್ನ ಬಾಗಿಲಿನ ತಂಟೆ ಇದೇ. ಹಿಂಜ್ ಇರುವ ಕಡೆ ಬಾಗಿಲು ಪೆಟ್ಟಿಗೆಗೆ ತೀರಾ ಅಂಟಿಕೊಂಡಿದ್ದರೆ ಆ ಅಂಚೇ ಅಡ್ಡಗಟ್ಟುತ್ತದೆ. ಒತ್ತಿ ಹಿಡಿದರೆ ಮುಚ್ಚುತ್ತದೆ, ಕೈ ತೆಗೆದರೆ ವಾಪಸ್ ಬರುತ್ತದೆ. ಬಹಳ ಜನ ಸ್ಪ್ರಿಂಗ್ ಹೋಗಿದೆ ಅಂದುಕೊಂಡು ಹೊಸ ಹಿಂಜ್ ತರುವುದು ಇಲ್ಲೇ.

ಪರೀಕ್ಷೆ ಸುಲಭ. ಬಾಗಿಲು ಒತ್ತಿ ಹಿಡಿದು, ಹಿಂಜ್ ಕಡೆಯ ಸಂದಿಯಲ್ಲಿ ಒಂದು ವಿಸಿಟಿಂಗ್ ಕಾರ್ಡ್ ತೂರಿಸಿ. ಹೋಗಲ್ಲ ಅಂದರೆ ಜಾಗ ಸಾಲದು. ಒಳಗಿನ ಸ್ಕ್ರೂ ಸಡಿಲ ಮಾಡಿ, ಬಾಗಿಲನ್ನು ಒಂದು ಮಿಲಿಮೀಟರ್‌ನಷ್ಟು ನಿಮ್ಮ ಕಡೆ ಎಳೆದು, ಮತ್ತೆ ಬಿಗಿ ಮಾಡಿ. ಮೇಲಿನ ಹಿಂಜ್‌ಗೆ ಎಷ್ಟೋ ಕೆಳಗಿನದಕ್ಕೂ ಅಷ್ಟೇ, ಇಲ್ಲದಿದ್ದರೆ ಬಾಗಿಲು ಸೊಟ್ಟ. ಈಗ ಬಿಡುತ್ತೇನೆ ನೋಡಿ... ಟಪ್. ಆಹಾ!

ಮೂರನೆಯದು ಸಿಂಕ್ ಪಕ್ಕದ್ದು. ಇಲ್ಲಿ ಹಿಂಜನ್ನು ಬೋರ್ಡ್‌ಗೆ ಹಿಡಿದಿಡುವ ಸ್ಕ್ರೂ ಸುಮ್ನೆ ಸುತ್ತುತ್ತಿದೆ, ಹಿಡಿಯುತ್ತಲೇ ಇಲ್ಲ. ಮರದ ಚೂರು ಒತ್ತಿ ಮಾಡಿದ ಪಾರ್ಟಿಕಲ್ ಬೋರ್ಡ್ ಹಣೆಬರಹ ಇದು, ಪ್ಲೈವುಡ್ ಇಷ್ಟು ಬೇಗ ಕೈಕೊಡುವುದಿಲ್ಲ. ದೊಡ್ಡ ಸ್ಕ್ರೂ ಹಾಕೋಣ ಅನ್ನಿಸುತ್ತದೆ, ಅಲ್ವಾ? ಬೇಡ. ಬೋರ್ಡ್ ದಪ್ಪವೇ 18 ಮಿಲಿಮೀಟರ್, 25ರ ಸ್ಕ್ರೂ ಆ ಕಡೆ ಮೂತಿ ತೋರಿಸುತ್ತದೆ. ಅದರ ಬದಲು ಬೆಂಕಿಕಡ್ಡಿಯ ಮದ್ದು ಕತ್ತರಿಸಿ, ಫೆವಿಕಾಲ್‌ನಲ್ಲಿ ಅದ್ದಿ, ತೂತು ತುಂಬುವಷ್ಟು ಕಡ್ಡಿ ತುರುಕಿ. ರಾತ್ರಿಯಿಡೀ ಒಣಗಲಿ. ಹೊರಗೆ ಉಳಿದದ್ದನ್ನು ಕತ್ತರಿಸಿ, ಹಳೇ ಸ್ಕ್ರೂವನ್ನೇ ಕೈಯಿಂದ ತಿರುಗಿಸಿ. ಡ್ರಿಲ್ ಮೆಷಿನ್ ಹಚ್ಚಿದರೆ ಮತ್ತೆ ಕಿತ್ತುಬರುತ್ತದೆ.

ಬೋರ್ಡ್ ನೀರು ಕುಡಿದು ಉಬ್ಬಿದ್ದರೆ ಕಡ್ಡಿ ಕೆಲಸಕ್ಕೆ ಬಾರದು. ಅದಕ್ಕೆ ಸ್ಟೀಲಿನ ರಿಪೇರಿ ಪ್ಲೇಟ್ ಸಿಗುತ್ತದೆ. ಕೆಟ್ಟ ಜಾಗವನ್ನು ಮುಚ್ಚಿ, ಸುತ್ತಲಿನ ಗಟ್ಟಿ ಜಾಗದಲ್ಲಿ ಸ್ಕ್ರೂ ಹಾಕುತ್ತೇವೆ. ಆಮೇಲೆ ಆ ಸಿಂಕ್ ಸೋರಿಕೆಯನ್ನೂ ನೋಡಿ ಮಾರಾಯ್ರೆ.

ಸ್ಪ್ರಿಂಗ್ ನಿಜವಾಗಿಯೂ ಹೋಗಿದ್ದರೆ ಹೊಸ ಹಿಂಜ್ ತರಲೇಬೇಕು. ಹಳೆಯದನ್ನು ಬಿಚ್ಚಿ ಅಂಗಡಿಗೇ ತೆಗೆದುಕೊಂಡು ಹೋಗಿ. ತೋಳು ನೇರ ಇರುವುದು, ಸ್ವಲ್ಪ ಬಾಗಿದ್ದು, ಜಾಸ್ತಿ ಬಾಗಿದ್ದು ಅಂತ ಮೂರು ಬಗೆ ಇವೆ. ಒಂದರ ಜಾಗಕ್ಕೆ ಇನ್ನೊಂದು ಕೂರುವುದಿಲ್ಲ.

ಹಾಗಾದರೆ ಮ್ಯಾಗ್ನೆಟ್ ಯಾರಿಗೆ? ಹಳೇ ಮನೆಯ ಮರದ ಕಪಾಟಿಗೆ. ಅಲ್ಲಿ ಸಾದಾ ಹಿಂಜ್, ಸ್ಪ್ರಿಂಗ್ ಇರುವುದಿಲ್ಲ. ಮ್ಯಾಗ್ನೆಟನ್ನು ಮೊದಲು ಕಪಾಟಿನೊಳಗೆ ಕೂರಿಸಿ. ಅದರ ಜೊತೆ ಬರುವ ತಗಡಿನ ಚೂರನ್ನು ಅದಕ್ಕೇ ಅಂಟಿಸಿಟ್ಟು ಬಾಗಿಲು ಮುಚ್ಚಿ, ಬಾಗಿಲಲ್ಲಿ ತಗಡು ತಾಗಿದ ಕಡೆ ಪೆನ್ಸಿಲ್ ಗುರುತು ಮಾಡಿ, ಅಲ್ಲೇ ತಗಡಿಗೆ ಸ್ಕ್ರೂ ಹೊಡೆಯಿರಿ.