ಕಣ್ಣಿಗೆ ಕಾಣದ ಶಾಲೆ ಮತ್ತು ಪಕ್ಷ

ಎಲ್ಲರಿಗೂ ನಮಸ್ಕಾರ.

ಇವತ್ತು ಅಮೆರಿಕದ ಸರ್ಕಾರಿ ಶಾಲೆಗಳ ಬಗ್ಗೆ ನಾಲ್ಕು ಮಾತು ಆಡುತ್ತೇನೆ. ಶಾಲೆಗಿಂತ ಜಾಸ್ತಿಯಾಗಿ, ಶಾಲೆಯ ಬಗ್ಗೆ ಅಲ್ಲಿನ ಜನರ ಅಭಿಪ್ರಾಯ ಎಲ್ಲಿಂದ ಹುಟ್ಟುತ್ತದೆ ಅನ್ನುವುದರ ಬಗ್ಗೆ.

ಮೊದಲು ಗ್ಯಾಲಪ್ ಸಂಸ್ಥೆಯ ಎರಡು ಅಂಕಿ ಹೇಳಿಬಿಡುತ್ತೇನೆ. 2023ರ ಸಮೀಕ್ಷೆಯಲ್ಲಿ, ದೇಶದ ಶಾಲಾ ಶಿಕ್ಷಣ ತೃಪ್ತಿಕರವಾಗಿದೆ ಅಂದವರು ಶೇ. 36. ಅದೇ ಸಮೀಕ್ಷೆಯಲ್ಲಿ, ತಮ್ಮ ಸ್ವಂತ ಮಗುವಿನ ಶಿಕ್ಷಣ ತೃಪ್ತಿಕರವಾಗಿದೆ ಅಂದ ತಂದೆತಾಯಿಗಳು ಶೇ. 76. ವಿಚಿತ್ರ ಅಲ್ವಾ? ಮಗುವಿನ ಶಾಲೆಯನ್ನು ಅವರು ನೋಡಿದ್ದಾರೆ. ಟೀಚರ್ ಗೊತ್ತು, ಹೋಂವರ್ಕ್ ಗೊತ್ತು. ಆದರೆ ‘ದೇಶದ ಶಾಲೆ’ ಅನ್ನುವುದನ್ನು ಯಾರೂ ನೋಡಿಲ್ಲ. ಅದು ಟಿವಿಯಲ್ಲಿ, ಫೋನಿನಲ್ಲಿ, ಭಾಷಣದಲ್ಲಿ ಮಾತ್ರ ಇರುವಂಥದ್ದು. ಆ ಖಾಲಿ ಜಾಗಕ್ಕೆ ಪಕ್ಷ ಬಂದು ಕೂರುತ್ತದೆ. ನಾನು ಹೇಳಲು ಹೊರಟಿರುವುದು ಇಷ್ಟೇ. ಇನ್ನು ಉದಾಹರಣೆಗಳಿಗೆ ಬರೋಣ.

ಎಲ್ಲಕ್ಕಿಂತ ಚೆನ್ನಾದ ಉದಾಹರಣೆ ‘ಕಾಮನ್ ಕೋರ್’. ಯಾವ ತರಗತಿಯ ಕೊನೆಗೆ ಮಗುವಿಗೆ ಗಣಿತದಲ್ಲಿ, ಇಂಗ್ಲಿಷಿನಲ್ಲಿ ಏನು ಬರಬೇಕು ಅನ್ನುವ ಪಟ್ಟಿ ಅದು. ರಾಜ್ಯಪಾಲರ ಮತ್ತು ರಾಜ್ಯಗಳ ಶಿಕ್ಷಣ ಅಧಿಕಾರಿಗಳ ಸಂಘಟನೆಗಳು ಸೇರಿ ಅದನ್ನು ಮಾಡಿಸಿದವು. 2010ರಲ್ಲಿ ಹೊರಬಂತು. ಅಲ್ಲಿ ರಾಜ್ಯಪಾಲರು ಅಂದರೆ ಜನರಿಂದ ಆರಿಸಿ ಬಂದವರು, ನಮ್ಮ ಮುಖ್ಯಮಂತ್ರಿಗಳ ಹಾಗೆ. ಅವರಲ್ಲಿ ಎರಡೂ ಪಕ್ಷದವರು ಇದ್ದರು. ಹೆಚ್ಚು ಗಲಾಟೆಯಿಲ್ಲದೆ 40ಕ್ಕೂ ಹೆಚ್ಚು ರಾಜ್ಯಗಳು ಒಪ್ಪಿಕೊಂಡವು.

ಆಮೇಲೆ ಅದಕ್ಕೆ ಡೆಮಾಕ್ರಾಟ್ ಅಧ್ಯಕ್ಷ ಒಬಾಮಾ ಅವರ ಹೆಸರು ಅಂಟಿಕೊಂಡಿತು. ಅವರ ಸರ್ಕಾರ 2009ರಲ್ಲಿ 4.35 ಬಿಲಿಯನ್ ಡಾಲರಿನ ಒಂದು ಸ್ಪರ್ಧೆ ಶುರು ಮಾಡಿತ್ತು. ಇಂಥ ಸಮಾನ ಮಾನದಂಡ ಒಪ್ಪಿಕೊಂಡ ರಾಜ್ಯಗಳಿಗೆ ಅದರಲ್ಲಿ ಹೆಚ್ಚು ಅಂಕ. ವಿರೋಧಿಗಳಿಗೆ ಅಷ್ಟು ಸಾಕಾಯಿತು. ‘ಒಬಾಮಾಕೋರ್’ ಅಂತ ಕರೆದರು. ಎಜುಕೇಷನ್ ನೆಕ್ಸ್ಟ್ ಪತ್ರಿಕೆಯ ಸಮೀಕ್ಷೆಯಲ್ಲಿ 2013ರಲ್ಲಿ ಶೇ. 57ರಷ್ಟು ರಿಪಬ್ಲಿಕನ್ನರು ಕಾಮನ್ ಕೋರ್ ಬೇಕು ಅಂದಿದ್ದರು. ಮರುವರ್ಷ ಅದು ಶೇ. 43ಕ್ಕೆ ಇಳಿಯಿತು. ಡೆಮಾಕ್ರಾಟರ ಸಂಖ್ಯೆ ಹೆಚ್ಚುಕಡಿಮೆ ಇದ್ದಲ್ಲೇ ಇತ್ತು. ಆ ಒಂದು ವರ್ಷದಲ್ಲಿ ಗಣಿತವೇನೂ ಬದಲಾಗಿರಲಿಲ್ಲ.

ಸಮೀಕ್ಷೆ ಮಾಡಿದವರು ಇಲ್ಲಿ ಒಂದು ಜಾಣತನದ ಕೆಲಸ ಮಾಡಿದರು. ಇನ್ನು ಕೆಲವರಿಗೆ ಅದೇ ಪ್ರಶ್ನೆ ಕೇಳಿದರು, ಆದರೆ ‘ಕಾಮನ್ ಕೋರ್’ ಅನ್ನುವ ಹೆಸರು ತೆಗೆದುಬಿಟ್ಟರು. ಎಲ್ಲ ರಾಜ್ಯಗಳಿಗೂ ಒಂದೇ ಮಾನದಂಡ ಇರಬೇಕೇ ಅಂತ ಮಾತ್ರ ಕೇಳಿದರು. ಹೆಸರಿದ್ದಾಗ ಒಟ್ಟು ಶೇ. 53ರಷ್ಟಿದ್ದ ಬೆಂಬಲ, ಹೆಸರು ಹೋದ ಮೇಲೆ ಶೇ. 68. ಎರಡು ಪಕ್ಷದವರ ನಡುವಿನ ಅಂತರವೂ ಕರಗಿಹೋಯಿತು. ಅಂದರೆ ಜನ ಜಗಳವಾಡುತ್ತಿದ್ದದ್ದು ಮಾನದಂಡದ ಜೊತೆಗಲ್ಲ.

ಶಿಕ್ಷಕರ ಬೆಂಬಲವೂ ಆ ವರ್ಷ ಬಿದ್ದಿತು. ಶೇ. 76ರಿಂದ ಶೇ. 46ಕ್ಕೆ, ರಿಪಬ್ಲಿಕನ್ನರಿಗಿಂತ ಜೋರಾಗಿ. ಆದರೆ ಇದನ್ನು ಪಕ್ಷದ ಲೆಕ್ಕಕ್ಕೆ ಹಾಕಬಾರದು ಅನ್ನಿಸುತ್ತದೆ ನನಗೆ. ಅವರು ಅದನ್ನು ದಿನಾ ಪಾಠ ಮಾಡಬೇಕಿತ್ತು. ಅದರ ಪರೀಕ್ಷೆಯ ಅಂಕಗಳಿಂದ ತಮ್ಮನ್ನೇ ಅಳೆಯುತ್ತಾರೆ ಅನ್ನುವ ಆತಂಕವೂ ಇತ್ತು. ಹತ್ತಿರದಿಂದ ನೋಡಿ ಬೇಡ ಅನ್ನುವುದು ಬೇರೆ, ಯಾರು ತಂದರು ಅಂತ ನೋಡಿ ಬೇಡ ಅನ್ನುವುದು ಬೇರೆ. ಸಮೀಕ್ಷೆಯ ಅಂಕಿಯಲ್ಲಿ ಎರಡೂ ಒಂದೇ ಥರ ಕಾಣುತ್ತವೆ.

2014ರಲ್ಲಿ ಇಂಡಿಯಾನಾ ರಾಜ್ಯ ಮೊದಲು ಕಾಮನ್ ಕೋರ್ ಕೈಬಿಟ್ಟಿತು. ಆಮೇಲೆ ಟ್ರಂಪ್ ಅವರು ಅದನ್ನು ತೆಗೆದುಹಾಕುತ್ತೇನೆ ಅಂತ ಪ್ರಚಾರ ಮಾಡಿದರು. ತಮಾಷೆ ಏನೆಂದರೆ, ಅದನ್ನು ತೆಗೆಯುವ ಅಧಿಕಾರ ಅಧ್ಯಕ್ಷರಿಗೆ ಇರಲೇ ಇಲ್ಲ. ಅದು ರಾಜ್ಯಗಳ ತೀರ್ಮಾನ. ಅಲ್ಲಿ ಶಾಲೆಯ ಹಣದಲ್ಲಿ ಕೇಂದ್ರ ಸರ್ಕಾರದ ಪಾಲು ಸಾಮಾನ್ಯವಾಗಿ ಹತ್ತರಲ್ಲಿ ಒಂದು ಭಾಗದಷ್ಟು. ಉಳಿದದ್ದು ರಾಜ್ಯದ್ದು, ಊರಿನದ್ದು. ಆದರೂ ಜನ ಶಾಲೆಯನ್ನು ವಾಷಿಂಗ್ಟನ್ನಿನ ಕನ್ನಡಕ ಹಾಕಿಕೊಂಡೇ ನೋಡುತ್ತಾರೆ.

ಹಿಂದೆ ಹೀಗೆ ಇರಲಿಲ್ಲ ಅಂತ ಹಿರಿಯರು ಹೇಳುವುದುಂಟು. ಸ್ವಲ್ಪ ನಿಜ. ಶಾಲೆಗಳನ್ನು ಪರೀಕ್ಷೆಯ ಅಂಕಗಳಿಂದ ಅಳೆಯುವ, ರಿಪಬ್ಲಿಕನ್ ಅಧ್ಯಕ್ಷ ಬುಷ್ ಅವರ ‘ನೋ ಚೈಲ್ಡ್ ಲೆಫ್ಟ್ ಬಿಹೈಂಡ್’ ಕಾಯ್ದೆ 2001ರ ಡಿಸೆಂಬರಿನಲ್ಲಿ ಸೆನೆಟ್‌ನಲ್ಲಿ 87–10ರಿಂದ ಪಾಸಾಯಿತು. ಅದಕ್ಕೆ ದುಡಿದವರಲ್ಲಿ ಡೆಮಾಕ್ರಾಟ್ ಟೆಡ್ ಕೆನಡಿ ಕೂಡ ಇದ್ದರು. ಇವತ್ತು ಅಂಥದ್ದನ್ನು ಊಹಿಸುವುದೂ ಕಷ್ಟ.

ಕೋವಿಡ್ ಬಂದಾಗ ಇದು ಇನ್ನೂ ಸ್ಪಷ್ಟವಾಯಿತು. 2020ರ ಜುಲೈನಲ್ಲಿ ಶಾಲೆಗಳು ತೆರೆಯಲೇಬೇಕು ಅಂತ ಟ್ರಂಪ್ ಟ್ವೀಟ್ ಮಾಡಿದರು. ಮಕ್ಕಳ ವೈದ್ಯರ ಸಂಘ ಅದಕ್ಕೆ ಮೊದಲೇ, ಆದಷ್ಟು ಮಕ್ಕಳು ಶಾಲೆಗೆ ಬರುವಂತಾಗಲಿ ಅಂದಿತ್ತು. ಆದರೆ ಅಷ್ಟರಲ್ಲಿ ಅದು ಟ್ರಂಪ್ ಅವರ ಮಾತಾಗಿತ್ತು. ಆ ವರ್ಷ ಯಾವ ಶಾಲೆ ತೆರೆಯಿತು, ಯಾವುದು ಮುಚ್ಚಿತ್ತು ಅಂತ ರಾಜ್ಯಶಾಸ್ತ್ರಜ್ಞರಾದ ಮೈಕಲ್ ಹಾರ್ಟ್ನಿ ಮತ್ತು ಲೆಸ್ಲಿ ಫಿಂಗರ್ ಲೆಕ್ಕ ಹಾಕಿದರು. ಊರಿನ ಸೋಂಕಿನ ಪ್ರಮಾಣಕ್ಕಿಂತ, ಊರಿನವರ ಮತ ಯಾವ ಪಕ್ಷಕ್ಕೆ ಅನ್ನುವುದು ಮತ್ತು ಶಿಕ್ಷಕರ ಸಂಘದ ಬಲ ಇದನ್ನು ಹೆಚ್ಚು ಚೆನ್ನಾಗಿ ವಿವರಿಸಿದವು.

‘ಹಾಗಾದರೆ ಶಾಲೆಯಿಂದ ಪಕ್ಷವನ್ನು ಹೊರಗಿಟ್ಟರೆ ಆಯಿತಲ್ಲ?’ ಅಂತ ನೀವು ಕೇಳಬಹುದು. ಅಮೆರಿಕದವರು ಅದನ್ನು ನೂರು ವರ್ಷದ ಹಿಂದೆಯೇ ಮಾಡಿದರು. ಅಲ್ಲಿ ಸುಮಾರು 13,000 ಶಾಲಾ ಜಿಲ್ಲೆಗಳಿವೆ. ಅವನ್ನು ನಡೆಸುವ ಶಾಲಾ ಮಂಡಳಿಗಳಲ್ಲಿ ಬಹುಪಾಲು ಮಂಡಳಿಗಳ ಚುನಾವಣೆಯಲ್ಲಿ ಮತಪತ್ರದ ಮೇಲೆ ಪಕ್ಷದ ಹೆಸರೇ ಇರುವುದಿಲ್ಲ. ಎಷ್ಟೋ ಕಡೆ ಬೇರೆ ಚುನಾವಣೆ ಇಲ್ಲದ ದಿನ ಮತದಾನ ಇಡುತ್ತಾರೆ. ಪರಿಣಾಮ? ಓಟು ಹಾಕುವವರೇ ಕಡಿಮೆ. ಸಂಘಟಿತರಾದವರು ಗೆಲ್ಲುತ್ತಾರೆ, ಕೆಲವು ಕಡೆ ಶಿಕ್ಷಕರ ಸಂಘ, ಈಚೆಗೆ ಕೆಲವು ಕಡೆ ‘ಮಾಮ್ಸ್ ಫಾರ್ ಲಿಬರ್ಟಿ’ಯಂಥ ಸಂಪ್ರದಾಯವಾದಿ ಪೋಷಕರ ಗುಂಪು. ಮತಪತ್ರದಲ್ಲಿ ಪಕ್ಷದ ಹೆಸರು ಇಲ್ಲದಿದ್ದರೆ ರಾಜಕೀಯ ಹೋಗುವುದಿಲ್ಲ, ನಮಗೆ ಕಾಣುವುದಿಲ್ಲ ಅಷ್ಟೇ. ಪಕ್ಷದ ಹೆಸರು ಹಾಕೋಣ ಅಂತ ಫ್ಲಾರಿಡಾ 2024ರಲ್ಲಿ ಜನಮತ ಕೇಳಿತು. ಅರ್ಧಕ್ಕಿಂತ ಹೆಚ್ಚು ಜನ ಹೂಂ ಅಂದರು. ಆದರೆ ಬೇಕಿದ್ದ ಶೇ. 60 ಬರಲಿಲ್ಲ.

ಅದೇ ದಿನ ಕೆಂಟಕಿಯಲ್ಲಿ ಇನ್ನೊಂದು ಮತದಾನ. ಖಾಸಗಿ ಶಾಲೆಗಳಿಗೆ ಸರ್ಕಾರದ ಹಣ ಕೊಡಲು ದಾರಿ ಮಾಡುವ ತಿದ್ದುಪಡಿ. ರಿಪಬ್ಲಿಕನ್ ನಾಯಕರಿಗೆ ಬೇಕಾಗಿದ್ದದ್ದು. ಟ್ರಂಪ್ ಅವರನ್ನು ಸಲೀಸಾಗಿ ಗೆಲ್ಲಿಸಿದ ಅದೇ ಮತದಾರರು ರಾಜ್ಯದ 120 ಕೌಂಟಿಗಳಲ್ಲೂ, ಅಂದರೆ ನಮ್ಮ ಜಿಲ್ಲೆಗಳಂಥ ಎಲ್ಲ ಭಾಗಗಳಲ್ಲೂ, ಅದನ್ನು ಸೋಲಿಸಿದರು. ಹಳ್ಳಿಗಾಡಿನಲ್ಲಿ ಎಷ್ಟೋ ಕಡೆ ಇರುವುದು ಸರ್ಕಾರಿ ಶಾಲೆ ಒಂದೇ. ಎಷ್ಟೋ ಮನೆಗಳಿಗೆ ಕೆಲಸ ಕೊಡುವುದೂ ಅದೇ. ಅದರ ಬಗ್ಗೆ ಅವರಿಗೆ ಯಾವ ನಾಯಕನೂ ಹೇಳಿಕೊಡಬೇಕಾಗಿರಲಿಲ್ಲ.

ಇಲ್ಲಿಗೆ ನಿಲ್ಲಿಸಿದರೆ ನನ್ನ ವಾದ ಗೆದ್ದ ಹಾಗೆ ಕಾಣುತ್ತದೆ. ಟೆಕ್ಸಸ್ ಅದಕ್ಕೆ ಬಿಡುವುದಿಲ್ಲ. 2023ರ ನವೆಂಬರಿನಲ್ಲಿ ಅಲ್ಲಿನ ವಿಧಾನಸಭೆಯಲ್ಲಿ 21 ರಿಪಬ್ಲಿಕನ್ನರು, ಬಹಳಷ್ಟು ಗ್ರಾಮೀಣ ಭಾಗದವರು, ಡೆಮಾಕ್ರಾಟರ ಜೊತೆ ಸೇರಿ ಇಂಥದೇ ‘ವೋಚರ್’ ಯೋಜನೆಯನ್ನು, ಅಂದರೆ ಖಾಸಗಿ ಶಾಲೆಯ ಖರ್ಚಿಗೆ ಸರ್ಕಾರ ಹಣ ಕೊಡುವ ಯೋಜನೆಯನ್ನು, ತಡೆದರು. ರಾಜ್ಯಪಾಲ ಗ್ರೆಗ್ ಅಬಾಟ್ ಸುಮ್ನೆ ಬಿಡಲಿಲ್ಲ. 2024ರ ಪ್ರೈಮರಿಯಲ್ಲಿ, ಅಂದರೆ ಪಕ್ಷದ ಅಭ್ಯರ್ಥಿಯನ್ನು ಆರಿಸುವ ಒಳಚುನಾವಣೆಯಲ್ಲಿ, ಅವರಲ್ಲಿ ಹಲವರ ವಿರುದ್ಧ ಬೇರೆಯವರನ್ನು ಬೆಂಬಲಿಸಿದರು. ಅನೇಕರು ಸೋತರು. ಪ್ರೈಮರಿಗೆ ಬರುವವರು ಪಕ್ಷದ ಕಟ್ಟಾಳುಗಳು, ಎಲ್ಲ ತಂದೆತಾಯಿಗಳಲ್ಲ. 2025ರ ಮೇ ತಿಂಗಳಲ್ಲಿ ಒಂದು ಬಿಲಿಯನ್ ಡಾಲರಿನ ವೋಚರ್ ಕಾಯ್ದೆಗೆ ಸಹಿ ಬಿತ್ತು. ಜನಮತ ಕೇಳಿದ ಕೆಂಟಕಿಯಲ್ಲಿ ಊರಿನ ಶಾಲೆ ಗೆದ್ದಿತು. ಪ್ರೈಮರಿಯಲ್ಲಿ ತೀರ್ಮಾನವಾದ ಟೆಕ್ಸಸ್‌ನಲ್ಲಿ ಪಕ್ಷ ಗೆದ್ದಿತು.

ಪ್ರಶ್ನೆಗಳಿದ್ದರೆ ಈಗ ಕೇಳಬಹುದು.